ಅಪ್ಪನ ಒಂದು ರುಜು

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ರಾಜಾಜಿನಗರದಿಂದ ಕೆಂಗೇರಿಯವರೆಗಿನ ಶಾಲಾ ಮೈದಾನಗಳತ್ತ ಒಮ್ಮೆ ಕಣ್ಣು ಹಾಯಿಸಿದರೆ, ಕೆಲವೆಡೆಯಾದರೂ ಈ ದೃಶ್ಯ ಕಾಣಿಸೀತು. ನೀಲಿ ಸಮವಸ್ತ್ರ ತೊಟ್ಟು ಕೊರಳಿಗೆ ಸ್ಕಾರ್ಫ್ ಕಟ್ಟಿದ ಹುಡುಗಿಯರು ಕುದುರೆ ಲಾಳದ ಆಕಾರದಲ್ಲಿ ನಿಂತಿರುತ್ತಾರೆ. ಧ್ವಜವಂದನೆ ಮುಗಿದೊಡನೆ ಸಣ್ಣ ಸಣ್ಣ ಗುಂಪುಗಳಾಗಿ ಚದುರುತ್ತಾರೆ. ಒಂಬತ್ತನೇ ತರಗತಿಯವಳೊಬ್ಬಳು ಆರನೆಯ ತರಗತಿಯವಳ ಕೈಗೆ ಹಗ್ಗದ ಎರಡು ತುದಿ ಕೊಟ್ಟು, ‘ಮೊದಲು ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ’ ಎಂದು ಹೇಳಿಕೊಡುತ್ತಾಳೆ. ಎರಡು ಸಲವೂ ಬಲದ್ದನ್ನೇ ಮೇಲೆ ತಂದರೆ ಗಂಟು ಜಾರುತ್ತದೆ. ಸರಿಯಾಗಿ ಹಾಕಿದರೆ ಚಪ್ಪಟೆಯಾಗಿ, ಬಿಗಿಯಾಗಿ ಕೂರುತ್ತದೆ. ಇದೇ ರೀಫ್ ನಾಟ್. ಗಾಯಕ್ಕೆ ಪಟ್ಟಿ ಕಟ್ಟುವಾಗ ಮೈಗೆ ಒತ್ತದ ಗಂಟು.

ಚಿಕ್ಕವಳು ಎರಡು ಬಾರಿ ತಪ್ಪುತ್ತಾಳೆ. ಶಿಕ್ಷಕಿ ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿರುತ್ತಾರೆ, ನಡುವೆ ಬಾಯಿ ಹಾಕುವುದಿಲ್ಲ. ತಿದ್ದಬೇಕಾದವಳು ಆ ಒಂಬತ್ತನೇ ತರಗತಿಯ ಹುಡುಗಿ. ದೊಡ್ಡವರು ಹೀಗೆ ಸುಮ್ಮನಿರುವುದರಲ್ಲೇ ಗೈಡ್ ಚಳವಳಿಯ ಗುಟ್ಟು ಅಡಗಿದೆ.

ಕರೆಯದೆ ಬಂದವರು

ಹೆಣ್ಣುಮಕ್ಕಳಲ್ಲಿ ನಾಯಕತ್ವ ಬೆಳೆಸಬೇಕು ಎಂಬ ಮಾತು ಇಂದು ಪ್ರತಿ ವೇದಿಕೆಯಲ್ಲೂ ಕೇಳಿಬರುತ್ತದೆ. ಆ ಕೆಲಸವನ್ನು ಸದ್ದಿಲ್ಲದೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡುತ್ತಿರುವ ಜಾಗತಿಕ ಸಂಸ್ಥೆಯೊಂದರ ಕೊಂಡಿ ನಮ್ಮ ಬಡಾವಣೆಯ ಶಾಲೆಯಲ್ಲೇ ಇದೆ ಎಂಬುದು ಎಷ್ಟು ಮಂದಿ ಪೋಷಕರಿಗೆ ಗೊತ್ತು?

ಈ ಕಥೆ ಆರಂಭವಾದದ್ದು ಲಂಡನ್ನಿನಲ್ಲಿ. 1909ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬಾಲಕರ ಸ್ಕೌಟ್ ಮೇಳ ನಡೆಯಿತು. ಸಾವಿರಾರು ಹುಡುಗರ ನಡುವೆ ಕೆಲವು ಹುಡುಗಿಯರೂ ಸ್ಕೌಟ್ ವೇಷದಲ್ಲಿ ಬಂದು ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ. ‘ನಮಗೂ ಬೇಕು’ ಎಂಬುದೊಂದೇ ಅವರ ಬೇಡಿಕೆ. ಬ್ರಿಟನ್ನಿನ ಹೆಂಗಸರಿಗೆ ಆಗಿನ್ನೂ ಸಂಸತ್ ಚುನಾವಣೆಯಲ್ಲಿ ಮತದಾನದ ಹಕ್ಕು ಇರಲಿಲ್ಲ! ಮರುವರ್ಷವೇ, ಅಂದರೆ 1910ರಲ್ಲಿ, ಬೇಡನ್ ಪೊವೆಲ್ ತಮ್ಮ ಸೋದರಿ ಆಗ್ನೆಸ್ ಅವರ ನೇತೃತ್ವದಲ್ಲಿ ಗರ್ಲ್ ಗೈಡ್ಸ್ ಆರಂಭಿಸಿದರು. 1911ರಲ್ಲಿ ಜಬಲ್ಪುರದಲ್ಲಿ ಭಾರತದ ಮೊದಲ ಗೈಡ್ ಕಂಪನಿ ಹುಟ್ಟಿತು.

1928ರಲ್ಲಿ ಹಂಗೇರಿಯಲ್ಲಿ ಸೇರಿದ ಸಮ್ಮೇಳನದಲ್ಲಿ ವಿಶ್ವ ಗೈಡ್ ಸಂಸ್ಥೆ ರೂಪುಗೊಂಡಾಗ ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲೊಂದು. ಬ್ರಿಟನ್ನಿನ ಸ್ತ್ರೀಯರಿಗೆ ಪುರುಷರಿಗೆ ಸಮನಾದ ಮತದಾನದ ಹಕ್ಕು ದೊರೆತದ್ದೂ ಅದೇ ವರ್ಷ. ಇಂದು ಸುಮಾರು 150 ದೇಶಗಳಲ್ಲಿ ಈ ಸಂಸ್ಥೆಯ ಬಳಗವಿದೆ. ನಮ್ಮಲ್ಲಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸ್ಥಾಪನೆಯಾಯಿತು. 1951ರ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಅದರೊಳಗೆ ವಿಲೀನವಾಯಿತು. ಹೀಗಾಗಿ ವಿಜಯನಗರದ ಶಾಲೆಯೊಂದರಲ್ಲಿ ಮೂರು ಬೆರಳೆತ್ತಿ ಪ್ರತಿಜ್ಞೆ ಮಾಡುವ ಹುಡುಗಿ ತನಗರಿವಿಲ್ಲದೆಯೇ ಕೀನ್ಯಾ, ಜಪಾನ್, ಮೆಕ್ಸಿಕೋಗಳ ಹುಡುಗಿಯರ ಸೋದರಿಯಾಗುತ್ತಾಳೆ.

ಪ್ರತಿ ವರ್ಷ ಫೆಬ್ರವರಿ 22ರಂದು ಗೈಡ್‌ಗಳು ‘ಚಿಂತನಾ ದಿನ’ ಆಚರಿಸುತ್ತಾರೆ. ಅದು ಬೇಡನ್ ಪೊವೆಲ್ ಮತ್ತು ಅವರ ಪತ್ನಿ ಓಲೇವ್ ಇಬ್ಬರ ಜನ್ಮದಿನವೂ ಹೌದು. ಹುಟ್ಟುಹಬ್ಬವೆಂದ ಮೇಲೆ ಉಡುಗೊರೆ ಬೇಡವೆ? ತಲೆಗೊಂದು ಪೆನ್ನಿ ಕೊಟ್ಟು ಬೇರೆ ದೇಶಗಳ ಗೈಡ್‌ಗಳಿಗೆ ನೆರವಾಗೋಣ ಎಂಬ ಸಲಹೆ 1932ರಲ್ಲಿ ಬಂತು. ಆ ಪದ್ಧತಿ ಇಂದಿಗೂ ನಡೆದಿದೆ. ನಾಯಕಿಯರ ತರಬೇತಿಗೆಂದೇ ಇರುವ ವಿಶ್ವ ಕೇಂದ್ರಗಳಲ್ಲೊಂದಾದ ‘ಸಂಗಮ್’ 1966ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಬೆಂಗಳೂರಿನಿಂದ ಅಲ್ಲಿಗೆ ಒಂದು ರಾತ್ರಿಯ ಪ್ರಯಾಣ.

ಥಿಯರಿಯಲ್ಲ, ಪ್ರಾಕ್ಟಿಕಲ್

ಪುಸ್ತಕ ಓದಿ ಈಜು ಕಲಿತವರಿಲ್ಲ. ನಾಯಕತ್ವವೂ ಹಾಗೆಯೇ. ಗೈಡ್ ವ್ಯವಸ್ಥೆಯಲ್ಲಿ ಆರರಿಂದ ಎಂಟು ಹುಡುಗಿಯರದು ಒಂದು ಪಟ್ರೋಲ್. ಅದಕ್ಕೊಬ್ಬಳು ಲೀಡರ್. ಯಾರು ಬರಲಿಲ್ಲ, ಏಕೆ ಬರಲಿಲ್ಲ, ಯಾರಿಗೆ ಗಂಟು ಹಾಕಲು ಬರುವುದಿಲ್ಲ, ಯಾರು ಮುಖ ಸಪ್ಪೆ ಮಾಡಿಕೊಂಡಿದ್ದಾರೆ ಎಂಬುದನ್ನೆಲ್ಲ ಅವಳೇ ಗಮನಿಸಬೇಕು. ಲೀಡರ್‌ಗಳೆಲ್ಲ ಸೇರುವ ‘ಕೋರ್ಟ್ ಆಫ್ ಆನರ್’ ಸಭೆಯಲ್ಲಿ ತನ್ನ ಪಟ್ರೋಲ್ ಪರವಾಗಿ ಮಾತನಾಡಬೇಕು. ತರಗತಿಯ ಮಾನಿಟರ್ ಗಲಾಟೆ ಮಾಡಿದವರ ಹೆಸರು ಬರೆಯುತ್ತಾಳೆ. ಪಟ್ರೋಲ್ ಲೀಡರ್ ಹಿಂದುಳಿದವಳನ್ನು ಕೈಹಿಡಿದು ಜತೆಗೆ ತರುತ್ತಾಳೆ. ಎರಡಕ್ಕೂ ಅಜಗಜಾಂತರ!

ಹೆಣ್ಣುಮಕ್ಕಳದೇ ಗುಂಪಾಗಿರುವುದರಿಂದ ಇನ್ನೊಂದು ಲಾಭವಿದೆ. ಗುಡಾರ ಹೊಡೆಯುವವಳು, ಲೆಕ್ಕ ಬರೆಯುವವಳು, ದಿಕ್ಸೂಚಿ ಹಿಡಿದು ಮುಂದೆ ನಡೆಯುವವಳು ಎಲ್ಲರೂ ಹುಡುಗಿಯರೇ. ‘ಅದು ಗಂಡುಮಕ್ಕಳ ಕೆಲಸ, ನೀನು ತರಕಾರಿ ಹೆಚ್ಚು’ ಎನ್ನುವವರು ಅಲ್ಲಿಲ್ಲ. ತರಕಾರಿಯನ್ನೂ ಅವರೇ ಹೆಚ್ಚುತ್ತಾರೆ, ಆ ಮಾತು ಬೇರೆ.

ಕಾಲಕ್ಕೆ ತಕ್ಕಂತೆ ಪಾಠವೂ ಬದಲಾಗಿದೆ. ಹೆಣ್ಣುಮಕ್ಕಳ ಮೇಲಿನ ಹಿಂಸೆಯ ವಿರುದ್ಧ ವಿಶ್ವ ಸಂಸ್ಥೆ 2011ರಲ್ಲಿ ಆಂದೋಲನ ಆರಂಭಿಸಿತು. 2013ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗದೊಂದಿಗೆ ಸೇರಿ 5ರಿಂದ 25 ವರ್ಷದವರಿಗಾಗಿ ಪಠ್ಯಕ್ರಮವೊಂದನ್ನು ಹೊರತಂದಿತು. ಚಿಕ್ಕವರಿಗೆ ಕಥೆ, ಆಟಗಳ ಮೂಲಕ, ದೊಡ್ಡವರಿಗೆ ಚರ್ಚೆಯ ಮೂಲಕ ಅದು ಹೇಳಿಕೊಡುವುದು ಇಷ್ಟೇ: ನಿನ್ನ ಮೈ ನಿನ್ನದು, ಬೇಡವೆನ್ನುವ ಹಕ್ಕು ನಿನಗಿದೆ, ತೊಂದರೆಯಾದರೆ ಯಾರಿಗೆ ಹೇಳಬೇಕೆಂದು ತಿಳಿದಿರು.

ಚೀಟಿಯ ಕೊನೆಯ ಸಾಲು

ಇಷ್ಟೆಲ್ಲ ಇದ್ದೂ ಇಡೀ ವ್ಯವಸ್ಥೆ ಒಂದು ತುಂಡು ಕಾಗದದ ಮೇಲೆ ನಿಂತಿದೆ. ಅದೇ ಶಿಬಿರದ ಒಪ್ಪಿಗೆ ಪತ್ರ. ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಹತ್ತಿ ರಾಜ್ಯ ಪುರಸ್ಕಾರದ ಪರೀಕ್ಷೆಗೆ ಕೂರಬೇಕಾದರೆ ಮನೆಯಿಂದ ದೂರ, ಶಿಬಿರದಲ್ಲಿ ರಾತ್ರಿ ಕಳೆಯಬೇಕು. ದೊಡ್ಡಬಳ್ಳಾಪುರದ ಅನಿಬೆಸೆಂಟ್ ಪಾರ್ಕ್‌ನಲ್ಲಿ ರಾಜ್ಯ ಸಂಸ್ಥೆಯ ತರಬೇತಿ ಕೇಂದ್ರವಿದೆ. ರಾಜಾಜಿನಗರದಿಂದ ಅದೇನು ಮಹಾ ದೂರ? ಬಸ್ಸಿನಲ್ಲಿ ಹೋದರೂ ಬೆಳಗಿನ ತಿಂಡಿ ಮುಗಿಸಿ ಹೊರಟವರು ಊಟದ ಹೊತ್ತಿಗೆ ಮುಂಚೆ ತಲುಪಬಹುದು. ಆದರೆ ಅಪ್ಪನ ರುಜು ಬೀಳುವವರೆಗೆ ಆ ಹಾದಿ ಪುಣೆಗಿಂತ ಉದ್ದ!

‘ರಾತ್ರಿ ಹೊರಗೆ ಮಲಗೋದಾ?’ ‘ಮಾರ್ಕ್ಸ್ ಸಿಗತ್ತಾ?’ ‘ಟ್ಯೂಷನ್ ತಪ್ಪತ್ತೆ.’ ಅಜ್ಜಿಯ ಆತಂಕ ಇನ್ನೊಂದು: ‘ಆ ದಿನಗಳು ಬಂದುಬಿಟ್ಟರೆ?’ ಈ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. ಮೈಸೂರು ರಸ್ತೆಯ, ಪೀಣ್ಯದ ಗಾರ್ಮೆಂಟ್ಸ್‌ಗಳಿಗೆ ಬೆಳಿಗ್ಗೆಯೇ ಹೊರಡುವ ತಾಯಂದಿರಿಗೆ ಮಗಳು ಮೂರು ದಿನ ಇಲ್ಲವೆಂದರೆ ತಮ್ಮನನ್ನು ನೋಡಿಕೊಳ್ಳುವವರಿಲ್ಲ. ಆದರೆ ಅಣ್ಣ ಕ್ರಿಕೆಟ್ ಪಂದ್ಯಕ್ಕೆಂದು ಊರು ಬಿಟ್ಟಾಗ ಇದೇ ಪ್ರಶ್ನೆಗಳು ಏಳುತ್ತವೆಯೆ? ಸಮಾನತೆ ಎಂಬ ದೊಡ್ಡ ಮಾತು ಪರೀಕ್ಷೆಗೆ ಒಳಗಾಗುವುದು ಇಂಥ ಚಿಕ್ಕ ಜಾಗದಲ್ಲಿ.

ಅಜ್ಜಿಯ ಪ್ರಶ್ನೆಗೆ ಉತ್ತರವಿದೆ. ಗೈಡ್ ಶಿಬಿರ ನಡೆಸುವವರು ಮಹಿಳೆಯರು. ಮನೆಯಲ್ಲಿ ಪಿಸುಮಾತಿನಲ್ಲಿ ನಡೆಯುವ ವಿಷಯವನ್ನು ಅವರು ಸಾಬೂನು, ಟವೆಲ್ಲಿನಷ್ಟೇ ಸಹಜವಾಗಿ ಸಾಮಾನಿನ ಪಟ್ಟಿಗೆ ಸೇರಿಸುತ್ತಾರೆ. ‘ಆ ದಿನ’ವೆಂದು ಮೂಲೆಯಲ್ಲಿ ಕೂರಬೇಕಿಲ್ಲ ಎಂದು ಹುಡುಗಿ ಅರಿಯುವುದು ಹಲವು ಬಾರಿ ಅಲ್ಲಿಯೇ.

ಶಿಕ್ಷಕಿಗೂ ಬೇಕು ಒಪ್ಪಿಗೆ

ಶಾಲೆಯಲ್ಲಿ ಕಂಪನಿ ನಡೆಯಬೇಕಾದರೆ ತರಬೇತಿ ಪಡೆದ ಗೈಡ್ ಕ್ಯಾಪ್ಟನ್ ಬೇಕು. ಅವರ ಮೂಲ ತರಬೇತಿ ಏಳು ದಿನಗಳದು, ಅಲ್ಲೇ ಉಳಿದು ಕಲಿಯಬೇಕು. ಏಳು ದಿನ ಮನೆಯ ಅಡುಗೆ ಯಾರು ಮಾಡುತ್ತಾರೆ? ಅತ್ತೆಯವರ ಔಷಧಿ, ಮಕ್ಕಳ ಡಬ್ಬಿ? ಹುಡುಗಿಗೆ ಅಪ್ಪನ ರುಜು ಬೇಕಾದರೆ ಅವಳ ಟೀಚರಿಗೆ ಇಡೀ ಮನೆಯ ಸಮ್ಮತಿ ಬೇಕು. ಕಾಗದದ ಮೇಲೆ ಬರೆಯದ ಆ ಒಪ್ಪಿಗೆ ಸಿಗದೆ ಹಿಂದೆ ಸರಿದ ಶಿಕ್ಷಕಿಯೊಬ್ಬರಿಂದ ನಲವತ್ತು ಹುಡುಗಿಯರ ಬಾಗಿಲು ಮುಚ್ಚಬಹುದು.

ಇನ್ನೊಂದು ಬಾಗಿಲು ಎಸ್ಸೆಸ್ಸೆಲ್ಸಿಯದು. ಕಾಲೇಜಿನ ವಯಸ್ಸಿನವರಿಗೆ ರೇಂಜರ್ ವಿಭಾಗವಿದೆ. ಆದರೆ ಪಿಯುಸಿ, ಸಿಇಟಿಗಳ ಭರಾಟೆಯಲ್ಲಿ ಸ್ಕಾರ್ಫ್ ಬೀರು ಸೇರುತ್ತದೆ. ಚಿಕ್ಕವರಿಗೆ ಕೈಹಿಡಿದು ಕಲಿಸುವ ಹದಕ್ಕೆ ಬಂದವಳು ಆ ಹೊತ್ತಿಗೆ ಸರಿಯಾಗಿ ಮೈದಾನ ಬಿಡುತ್ತಾಳೆ.

2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಜಾಂಬೂರಿ ನಡೆದಾಗ ಸಾವಿರಾರು ಗೈಡ್‌ಗಳು ವಾರವಿಡೀ ಮನೆಯಿಂದ ದೂರವಿದ್ದರು. ಅವರಲ್ಲಿ ಪ್ರತಿಯೊಬ್ಬಳ ಹಿಂದೆಯೂ ಒಂದು ಮನೆಯ ಒಪ್ಪಿಗೆಯಿತ್ತು. ಎದೆ ಡವಡವಿಸುತ್ತಲೇ ರುಜು ಹಾಕಿದ ಅಪ್ಪ, ಚಕ್ಕುಲಿ ಕಟ್ಟಿಕೊಟ್ಟ ಅಮ್ಮ ಅಲ್ಲಿದ್ದರು.

ಶಿಬಿರದಿಂದ ಮರಳಿದ ಹುಡುಗಿಯ ಮೈತುಂಬ ಧೂಳು, ಚೀಲದ ತುಂಬ ಕೊಳೆ ಬಟ್ಟೆ. ಆದರೆ ಮನೆಯವರು ಒಂದು ವ್ಯತ್ಯಾಸವನ್ನು ಗುರುತಿಸಿಯಾರು. ಮುಂದಿನ ಬಾರಿ ಅವಳು ಚೀಟಿಯನ್ನು ಬಾಗಿಲ ಹಿಂದೆ ನಿಂತು ಅಮ್ಮನ ಕೈಲಿ ಕೊಟ್ಟು ಕಳಿಸುವುದಿಲ್ಲ. ತಾನೇ ತಂದು, ಪೆನ್ನಿನ ಮುಚ್ಚಳ ತೆಗೆದು, ಅಪ್ಪನ ಮುಂದೆ ಇಡುತ್ತಾಳೆ.