ನಲ್ಲಿಯ ಹಿಂದಿನ ಸರಪಳಿ

ಬೀದರ ಜಿಲ್ಲೆಯನ್ನು ಹಾದು ಬರುವ ಮಂಜೀರೆ ನಮ್ಮ ಸಿಂಗೂರು ಜಲಾಶಯವನ್ನು ತುಂಬುತ್ತಾಳೆ. ತಾಂಡೂರಿನ ಕಾಗಿಣೆ ಕಲಬುರಗಿ ಸೀಮೆಗೆ ಹರಿದು ಭೀಮೆಯನ್ನು ಕೂಡುತ್ತಾಳೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು; ನದಿಗಳ ದಾರಿ ಬದಲಾಗಲಿಲ್ಲ.

ಆದರೆ ನಲ್ಲಿ ನಂಬಿರುವುದು ನದಿಯೊಂದನ್ನೇ ಅಲ್ಲ. ನೀರೆತ್ತಲು ವಿದ್ಯುತ್ತು ಬೇಕು. ಉಷ್ಣವಿದ್ಯುತ್ ಸ್ಥಾವರಕ್ಕೆ ನೀರೂ ಕಲ್ಲಿದ್ದಲೂ ಬೇಕು. ಕಲ್ಲಿದ್ದಲಿಗೆ ರೈಲು, ಕೆಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸಲು ರಸ್ತೆ ಬೇಕು. ಎಂಜಿನಿಯರರು ಇವನ್ನೆಲ್ಲ ಚುಕ್ಕೆ-ಗೆರೆಗಳ ಬಲೆಯಾಗಿ ಬರೆದು, ಒಂದು ಚುಕ್ಕೆ ಅಳಿದರೆ ಯಾವ ಗಳಿಗೆಗೆ ಯಾವುದು ನಿಲ್ಲುವುದೆಂದು ಲೆಕ್ಕ ಹಾಕುತ್ತಾರೆ. ಈ ಲೆಕ್ಕದಲ್ಲಿ ಕಾಲವೇ ಮುಖ್ಯ. ಗಂಟೆಯ ಮಟ್ಟಿಗೆ ವಿದ್ಯುತ್ತು ಹೋದರೆ ಮೇಲ್ತೊಟ್ಟಿ ಕಾಯುತ್ತದೆ. ದಿನಗಟ್ಟಲೆ ಹೋದರೆ ತೊಟ್ಟಿ ಬರಿದಾಗಿ ಮಕ್ಕಳ ಮಧ್ಯಾಹ್ನದ ಊಟಕ್ಕೂ ಕುತ್ತು. 2016ರ ಬೇಸಿಗೆಯಲ್ಲಿ ಸಿಂಗೂರು ಬತ್ತಿದಾಗಲಾದರೋ, ವಿದ್ಯುತ್ತಿದ್ದರೂ ಎತ್ತಲು ನೀರಿರಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿ ಶಾಲೆಗೂ ಶುದ್ಧವಾದ, ಸಾಕಷ್ಟು ಕುಡಿಯುವ ನೀರನ್ನು ವಿಧಿಸಿದೆ. ಸರಕಾರಿ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆ ಪಾಲಕರೇ ಬಹುಪಾಲಿರುವ ಶಾಲಾ ನಿರ್ವಹಣಾ ಸಮಿತಿಯದು. ವಿದ್ಯುತ್ತಿಲ್ಲದೆ ಶಾಲೆಯ ತೊಟ್ಟಿ ಎಷ್ಟು ದಿನ ಬಾಳೀತು, ಆಮೇಲೆ ನೀರು ಎಲ್ಲಿಂದ ಬಂದೀತು ಎಂಬ ಎರಡು ಸಾಲು ಆ ಯೋಜನೆಯಲ್ಲಿ ಇರಲೇಬೇಕು. ಅವನ್ನು ಬರೆಯಿಸುವ ಅಧಿಕಾರ ಪಾಲಕರಾದ ತಮ್ಮ ಕೈಯಲ್ಲಿದೆ.