ನಿಮಗಿದು ಗೊತ್ತೆ? ದೇಶ ಬಿಟ್ಟರೂ ಬೆನ್ನು ಬಿಡದ ಅಮೆರಿಕದ ತೆರಿಗೆ

ಬಹುತೇಕ ದೇಶಗಳು ತಮ್ಮ ನೆಲದಲ್ಲಿ ವಾಸಿಸುವವರಿಗೆ ಆದಾಯ ತೆರಿಗೆ ಹಾಕುತ್ತವೆ. ಆದರೆ ಅಮೆರಿಕದ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ತವರಿನ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಮೆಕ್ಸಿಕೋದಲ್ಲಿ ನೆಲೆಸಿದ್ದ ಅಮೆರಿಕನ್ ಒಬ್ಬರು ಇದನ್ನು ಪ್ರಶ್ನಿಸಿದಾಗ, 1924ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರದ ಪರವಾಗಿಯೇ ತೀರ್ಪಿತ್ತಿತು.

ಹಾಗಾದರೆ ಎರಡೂ ಕಡೆ ತೆರಿಗೆ ಕಟ್ಟಬೇಕೆ? ಅದಕ್ಕೆ ಪರಿಹಾರವಿದೆ. ಹೊರದೇಶದಲ್ಲಿ ಕಟ್ಟಿದ ತೆರಿಗೆಯನ್ನು ಅಮೆರಿಕದ ತೆರಿಗೆಯಿಂದ ಒಂದು ಮಿತಿಗೊಳಪಟ್ಟು ಕಳೆಯಬಹುದು. ಇಲ್ಲವೇ, 2025ರ ಸಾಲಿಗೆ 1,30,000 ಡಾಲರ್‌ವರೆಗಿನ ವಿದೇಶಿ ದುಡಿಮೆಯ ಆದಾಯಕ್ಕೆ ವಿನಾಯಿತಿ ಕೇಳಬಹುದು. ಇದು ಸಂಬಳ, ವೃತ್ತಿಯ ಗಳಿಕೆಗೆ ಮಾತ್ರ. ಬಡ್ಡಿ, ಡಿವಿಡೆಂಡ್‌ಗೆ ಇಲ್ಲ. ಇದಕ್ಕೆ ಅರ್ಹರಾಗುವ ಒಂದು ದಾರಿ, ಸತತ 12 ತಿಂಗಳಲ್ಲಿ 330 ಪೂರ್ಣ ದಿನ ಹೊರದೇಶದಲ್ಲಿರುವುದು. ಪೂರ್ಣ ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿವರೆಗಿನ 24 ಗಂಟೆ.

ತಾತ್ಕಾಲಿಕವಾಗಿ ಹೋದವರು ಎಡವುವುದು ಇನ್ನೊಂದು ಷರತ್ತಿನಲ್ಲಿ. ಕೆಲಸ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಅವಧಿಯದ್ದೆಂದು ಮೊದಲೇ ನಿಗದಿಯಾಗಿದ್ದರೆ, ಅವರ ‘ತೆರಿಗೆ ನೆಲೆ’, ಅಂದರೆ ದುಡಿಮೆಯ ಮುಖ್ಯ ಸ್ಥಳ, ಸಾಮಾನ್ಯವಾಗಿ ಅಮೆರಿಕದಲ್ಲೇ ಉಳಿಯುತ್ತದೆ. ಆಗ ಈ ವಿನಾಯಿತಿ ಸಿಗದು. ಆರು ತಿಂಗಳಿಗೆಂದು ಹೊರಟವರಿಗೆ ಇದು ನಿಜಕ್ಕೂ ಕಠಿಣ ನಿಯಮ.

ವಿನಾಯಿತಿಯಿಂದ ತೆರಿಗೆ ಸೊನ್ನೆಯಾದರೂ ಅದನ್ನು ಪಡೆಯಲು ರಿಟರ್ನ್ಸ್ ಸಲ್ಲಿಸಲೇಬೇಕು. ಗಡುವಿನ ದಿನ ಹೊರದೇಶದಲ್ಲಿ ನೆಲೆಸಿ ದುಡಿಯುತ್ತಿರುವವರಿಗೆ ಏಪ್ರಿಲ್ 15ರ ಬದಲು ಜೂನ್ 15ರವರೆಗೆ ಸಮಯವಿದೆ. ಬಾಕಿ ತೆರಿಗೆಯ ಮೇಲಿನ ಬಡ್ಡಿ ಮಾತ್ರ ಏಪ್ರಿಲ್‌ನಿಂದಲೇ ಶುರು.

ಲೆಕ್ಕ ಒಪ್ಪಿಸುವ ಈ ನಿಯಮ ಪ್ರಜೆಗಳಿಗಷ್ಟೇ ಅಲ್ಲ, ಅಮೆರಿಕದ ಕಾಯಂ ವಾಸದ ಗ್ರೀನ್ ಕಾರ್ಡ್ ಇರುವವರಿಗೂ ಅನ್ವಯ. ಹಾಗಾಗಿ ಆ ಕಾರ್ಡ್ ಇಟ್ಟುಕೊಂಡು ಬೆಂಗಳೂರಿಗೆ ಕೆಲಸಕ್ಕೆ ಬಂದಿರುವ ಕನ್ನಡಿಗರೇ, ಇಲ್ಲಿನ ಸಂಬಳವನ್ನೂ ಅಲ್ಲಿ ತೋರಿಸಬೇಕಾಗುತ್ತದೆ, ಮರೆಯಬೇಡಿ.