ಬಣ್ಣವನ್ನು ಎತ್ತಿ ತೋರುವ ಕನ್ನಡಕ

ಬೇಸಗೆಯ ಬಿಸಿಲು ಏರಿತೆಂದರೆ ಕನ್ನಡಕದ ಅಂಗಡಿಗಳಲ್ಲಿ ನೂಕುನುಗ್ಗಲು. ಕನ್ನಡಿಯ ಮುಂದೆ ನಿಂತು ಒಂದಾದ ಮೇಲೊಂದು ತಂಪುಕನ್ನಡಕವನ್ನು ಏರಿಸಿ ನೋಡುವ ತರುಣನಿಗೆ, ತನ್ನ ಮುಖಕ್ಕೆ ಯಾವುದು ಒಪ್ಪೀತೆಂಬುದೊಂದೇ ಚಿಂತೆ. ಆ ಗಾಜಿನ ಮೂಲಕ ಲೋಕ ತನಗೆ ಹೇಗೆ ಕಂಡೀತೆಂದು ಆತ ವಿಚಾರಿಸುವುದು ಅಪರೂಪ. ವಿಚಾರಿಸಬೇಕಾದುದು ಅದನ್ನೇ.

ಬಣ್ಣದ ಗಾಜು ಬೆಳಕಿಗೆ ಏನನ್ನೂ ಕೂಡಿಸದು. ಕಳೆಯುವುದಷ್ಟೇ ಅದರ ಕೆಲಸ. ಬೂದುಬಣ್ಣದ ಗಾಜು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವುದರಿಂದ, ಅದರಲ್ಲಿ ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ ಉಳಿಯುತ್ತದೆ. ಕಂದು ಗಾಜು ನೀಲಿಯನ್ನು ಹೆಚ್ಚಾಗಿ ತಡೆಯುತ್ತದೆ. ಆದುದರಿಂದ ದೂರದ ಮಬ್ಬು ಹರಿದಂತಾಗಿ ನೆಲದ ಉಬ್ಬುತಗ್ಗುಗಳು ಸ್ಫುಟವಾಗುತ್ತವೆ. ಹಳದಿ ಗಾಜು ಮೋಡ ಕವಿದ ಹಗಲಿನಲ್ಲಿ ಹಿತವೆನಿಸಿದರೂ ರಾತ್ರಿ ವಾಹನ ನಡೆಸುವವರಿಗೆ ಸಲ್ಲದು. ಇರುವ ಅಲ್ಪ ಬೆಳಕನ್ನೂ ಅದು ಕಸಿದುಕೊಳ್ಳುತ್ತದೆ.

ಇವೆಲ್ಲಕ್ಕಿಂತ ಸೋಜಿಗದ ಗಾಜೊಂದುಂಟು. ಒಂದೇ ಮೂಲವಸ್ತುವೆಂದು ಭಾವಿಸಲಾಗಿದ್ದ ಡಿಡಿಮಿಯಮ್ ವಾಸ್ತವವಾಗಿ ನಿಯೋಡಿಮಿಯಮ್ ಮತ್ತು ಪ್ರೇಸಿಯೋಡಿಮಿಯಮ್ ಎಂಬ ಎರಡರ ಬೆರಕೆಯೆಂದು 1885ರಲ್ಲಿ ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಕಾರ್ಲ್ ಔವರ್ ತೋರಿಸಿಕೊಟ್ಟನು. ಈ ಧಾತುಗಳು ಬೆರೆತ ಗಾಜು ಹಳದಿ ಬೆಳಕಿನ ಕಿರಿದಾದ ಪಟ್ಟಿಯೊಂದನ್ನು ನುಂಗಿಬಿಡುತ್ತದೆ. ಉರಿಯಲ್ಲಿ ಕಾದ ಗಾಜಿನಿಂದ ಹೊಮ್ಮುವ ಸೋಡಿಯಮ್ಮಿನ ಹಳದಿ ಪ್ರಭೆ ಕಣ್ಣು ಕುಕ್ಕದಿರಲೆಂದು ಗಾಜಿನ ಕುಶಲಕರ್ಮಿಗಳು ಇಂತಹ ಕನ್ನಡಕವನ್ನು ಧರಿಸುತ್ತಾರೆ.

ಬಣ್ಣಗಳನ್ನು ಎತ್ತಿ ತೋರುವ ಇಂದಿನ ಗಾಜುಗಳ ಗುಟ್ಟೂ ಇದೇ. ಕೆಂಪು ಹಸಿರುಗಳನ್ನು ಬೇರ್ಪಡಿಸಲು ನೆರವಾಗುವ ಕಣ್ಣಿನ ಎರಡು ಬಗೆಯ ಕೋಶಗಳು ಹಳದಿ ಬೆಳಕಿಗೆ ಒಟ್ಟಿಗೇ ಓಗೊಡುತ್ತವೆ. ನಡುವಣ ಆ ಹಳದಿಯನ್ನು ಸೋಸಿಬಿಟ್ಟರೆ ಎಲೆಯ ಹಸಿರೂ ಹೂವಿನ ಕೆಂಪೂ ಒಂದರಿಂದೊಂದು ಸಿಡಿದು ನಿಲ್ಲುತ್ತವೆ. ಅಮೆರಿಕದ ಗಾಜುವಿಜ್ಞಾನಿ ಡಾನ್ ಮ್ಯಾಕ್‌ಫರ್ಸನ್ ಲೇಸರ್ ಶಸ್ತ್ರವೈದ್ಯರ ರಕ್ಷಣೆಗೆಂದು ಮಾಡಿದ್ದ ಕನ್ನಡಕವನ್ನು, ಆಟದ ಬಯಲಿನಲ್ಲಿ ಬಣ್ಣಗುರುಡಿದ್ದ ಗೆಳೆಯನೊಬ್ಬನು ಧರಿಸಿದಾಗ, ಹುಲ್ಲಿನಲ್ಲಿ ಕರಗಿಹೋಗುತ್ತಿದ್ದ ಕಿತ್ತಳೆ ಬಣ್ಣದ ಗುರುತುಗಳು ಅವನಿಗೆ ಥಟ್ಟನೆ ಗೋಚರಿಸಿದವು. ಬಣ್ಣಗುರುಡರಿಗಾಗಿ ಇಂತಹ ಕನ್ನಡಕವೊಂದು ಹುಟ್ಟಿದುದು ಆ ಆಕಸ್ಮಿಕದಿಂದ.

ಆದರೆ ಹೆತ್ತವರು ಇಲ್ಲಿ ಎಚ್ಚರ ವಹಿಸಬೇಕು. ಇದು ಚಿಕಿತ್ಸೆಯಲ್ಲ. ಇಂತಹ ಕನ್ನಡಕ ಸಹಜ ವರ್ಣದೃಷ್ಟಿಯನ್ನು ತಂದುಕೊಡದೆಂದು ಸ್ಪೇನಿನ ಗ್ರನಾಡಾ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ರೈಲು ಚಾಲಕನಾಗಬೇಕೆಂಬ ಕನಸು ಕಾಣುವ ಹುಡುಗನಿಗೆ ಇದನ್ನು ಕೊಡಿಸಿ, ದೋಷ ನೀಗಿತೆಂದು ನಂಬಿಸುವುದು ಅವನಿಗೆ ಮಾಡುವ ಅನ್ಯಾಯ. ಮೊದಲು ನೇತ್ರವೈದ್ಯರಲ್ಲಿ ಪರೀಕ್ಷೆ, ಕನ್ನಡಕ ಆಮೇಲೆ.

ಬಣ್ಣ ಯಾವುದೇ ಇರಲಿ, 400 ನ್ಯಾನೋಮೀಟರಿನವರೆಗಿನ ಅತಿನೇರಳೆ ಕಿರಣಗಳನ್ನು ಗಾಜು ತಡೆಯಬೇಕು. ಗಾಜು ಕಪ್ಪಾದ ಮಾತ್ರಕ್ಕೆ ಆ ಗುಣ ಬಾರದು. ನೆರಳಿನಲ್ಲಿ ಪಾಪೆ ಹಿಗ್ಗುವುದರಿಂದ, ರಕ್ಷಣೆಯಿಲ್ಲದ ಕಪ್ಪುಗಾಜು ಆ ಕಿರಣಗಳಿಗೆ ಬಾಗಿಲನ್ನು ಇನ್ನಷ್ಟು ತೆರೆದಂತೆಯೇ ಸರಿ.

ಕೊಳ್ಳುವ ಮುನ್ನ ಅಂಗಡಿಯ ಹೊಸ್ತಿಲಿಗೆ ಬಂದು, ಬೀದಿಯ ದೀಪಸಂಕೇತವನ್ನೂ ಎದುರಿನ ಮರವನ್ನೂ ಒಮ್ಮೆ ನೋಡುವುದು ಒಳಿತು. ಕನ್ನಡಿ ತೋರುವುದು ಮುಖವನ್ನು ಮಾತ್ರ; ನಡೆಯಬೇಕಾದ ದಾರಿ ಹೊರಗಿದೆ.